ಏರಲು ಒಂಬತ್ತು ತಿಂಗಳು, ಇಳಿಯಲು ಮೂರು ದಿನ

ಮನೆಯಲ್ಲಿ ತಾಯಿ ಕಾರ್ಡ್ ಇದ್ದರೆ ಒಮ್ಮೆ ತೆರೆದು ನೋಡಿ. ಬಸಿರಿನ ಪುಟಗಳು ತುಂಬಿರುತ್ತವೆ. ತೂಕ, ಬಿಪಿ, ಹಿಮೋಗ್ಲೋಬಿನ್, ಮೂತ್ರ ಪರೀಕ್ಷೆ, ಕಬ್ಬಿಣದ ಮಾತ್ರೆ ಎಷ್ಟು ಕೊಟ್ಟರು ಎಂಬ ಲೆಕ್ಕ. ಹೆರಿಗೆಯ ದಿನಾಂಕ ದಾಟಿದ ಮೇಲೆ ಹೆಚ್ಚಿನ ಜಾಗ ಮಗುವಿನದು. ಲಸಿಕೆ, ತೂಕ, ಬೆಳವಣಿಗೆಯ ಗೆರೆ. ತಾಯಿಯ ಬಗ್ಗೆ ಮೊದಲ ಆರು ವಾರದ ಒಂದಿಷ್ಟು ಸಾಲು ಇರುತ್ತದೆ. ಆಮೇಲೆ ಅವಳ ಸುದ್ದಿ ಇಲ್ಲ.

ಹಾರ್ಮೋನುಗಳ ಕಡೆಯಿಂದ ನೋಡಿದರೆ, ತಾಯಿಯ ದೇಹದಲ್ಲಿ ಅತಿ ದೊಡ್ಡ ಬದಲಾವಣೆ ಶುರುವಾಗುವುದೇ ಆ ದಿನಾಂಕದಿಂದ. ಒಂಬತ್ತು ತಿಂಗಳು ಮೆಲ್ಲಗೆ ಏರಿದ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟರಾನ್ ಮೂರ್ನಾಲ್ಕು ದಿನದಲ್ಲಿ ಹೆಚ್ಚುಕಡಿಮೆ ನೂರನೇ ಒಂದು ಭಾಗಕ್ಕೆ ಇಳಿಯುತ್ತವೆ. ಮುಟ್ಟು ನಿಲ್ಲುವ ವಯಸ್ಸಿನಲ್ಲೂ ಹಾರ್ಮೋನುಗಳು ಇಳಿಯುತ್ತವೆ, ನಿಜ. ಅದಕ್ಕೆ ವರ್ಷಗಳು ಹಿಡಿಯುತ್ತವೆ. ಇಲ್ಲಿ ಮೂರು ದಿನ.

2025ರ ಮಾರ್ಚ್‌ನಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ವಿಜ್ಞಾನಿಗಳು ಒಂದು ಅಧ್ಯಯನ ಪ್ರಕಟಿಸಿದರು. ಅದಕ್ಕಾಗಿ ಅವರು ಹೊಸದಾಗಿ ಯಾರ ರಕ್ತವನ್ನೂ ತೆಗೆಯಲಿಲ್ಲ. 3 ಲಕ್ಷಕ್ಕೂ ಹೆಚ್ಚು ಬಸಿರುಗಳಿಗೆ ಸೇರಿದ, ಮೊದಲೇ ಮಾಡಿಟ್ಟಿದ್ದ ಸುಮಾರು 4.4 ಕೋಟಿ ಲ್ಯಾಬ್ ಫಲಿತಾಂಶಗಳನ್ನು ವಾರವಾರಕ್ಕೆ ಜೋಡಿಸಿದರು. ಬಸಿರಾಗುವ 20 ವಾರ ಮೊದಲಿನಿಂದ ಹೆರಿಗೆಯಾಗಿ 80 ವಾರದವರೆಗೆ, 76 ಬಗೆಯ ಪರೀಕ್ಷೆಗಳು. ಹೆರಿಗೆಯಾದ ಒಂದು ತಿಂಗಳಲ್ಲಿ ಸ್ಥಿರವಾದ ಪರೀಕ್ಷೆಗಳು 47% ಮಾತ್ರ. 41% ಪರೀಕ್ಷೆಗಳು ಹತ್ತು ವಾರಕ್ಕಿಂತ ಜಾಸ್ತಿ ಸಮಯ ತೆಗೆದುಕೊಂಡವು. ಕೊಲೆಸ್ಟರಾಲ್‌ಗೆ ಸುಮಾರು ಆರು ತಿಂಗಳು ಬೇಕಾಯಿತು. ಮೂಳೆ ಮತ್ತು ಲಿವರ್‌ನ ಸ್ಥಿತಿ ತೋರಿಸುವ ಒಂದು ಕಿಣ್ವಕ್ಕೆ ವರ್ಷವೇ ಹಿಡಿಯಿತು.

ವೈದ್ಯಕೀಯ ಪುಸ್ತಕಗಳು ಬಾಣಂತಿಯ ಕಾಲವನ್ನು 42 ದಿನಕ್ಕೆ ಮುಗಿಸುತ್ತವೆ. ಗರ್ಭಕೋಶ ಕುಗ್ಗಿ ಮೊದಲಿನ ಗಾತ್ರಕ್ಕೆ ಬರಲು ಅಷ್ಟು ದಿನ ಸಾಕು. ಉಳಿದ ದೇಹಕ್ಕೆ ಸಾಕಾಗುವುದಿಲ್ಲ. ಈ ಲೇಖನ ಬರೆಯಲು ಕಾರಣವೇ ಈ ಅಂತರ.

ಏರುವ ದಾರಿ

ಬಸಿರಿಗೆ ಮೊದಲು ಹಾರ್ಮೋನುಗಳು ತಿಂಗಳಿಗೊಮ್ಮೆ ಏರಿ ಇಳಿಯುತ್ತಿರುತ್ತವೆ. ಮುಟ್ಟಾದ ಹೊಸದರಲ್ಲಿ ಈಸ್ಟ್ರೋಜನ್ ಒಂದು ಮಿಲಿಲೀಟರ್ ರಕ್ತಕ್ಕೆ 30ರಿಂದ 50 ಪಿಕೋಗ್ರಾಂ ಆಸುಪಾಸು. ಅಂಡ ಹೊರಬರುವ ಹೊತ್ತಿಗೆ 200 ದಾಟುತ್ತದೆ. ಆಗ ಮೆದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿ ಎಲ್‌ಎಚ್ ಎಂಬ ಹಾರ್ಮೋನನ್ನು ಒಮ್ಮೆಲೇ ಸುರಿಯುತ್ತದೆ. ಅದಾಗಿ ಸುಮಾರು 36 ಗಂಟೆಗೆ ಅಂಡ ಹೊರಗೆ. ಅಂಡ ಬಿಟ್ಟುಹೋದ ಜಾಗದಲ್ಲಿ ಹಳದಿ ಬಣ್ಣದ ಸಣ್ಣ ಗಂಟೊಂದು ಬೆಳೆದು ಪ್ರೊಜೆಸ್ಟರಾನ್ ತಯಾರಿಸುತ್ತದೆ. ಒಂದಕ್ಕಿಂತ ಕಡಿಮೆ ಇದ್ದದ್ದು ಈಗ 10ರಿಂದ 20 ನ್ಯಾನೋಗ್ರಾಂ. ಈ ಗಂಟಿನ ಆಯಸ್ಸು ಸುಮಾರು 14 ದಿನ. ಬಸಿರು ನಿಲ್ಲದಿದ್ದರೆ ಅದು ಒಣಗುತ್ತದೆ, ಪ್ರೊಜೆಸ್ಟರಾನ್ ಬೀಳುತ್ತದೆ, ಮುಟ್ಟಾಗುತ್ತದೆ.

ಇಲ್ಲೊಂದು ಮಾತು ಹೇಳಿಬಿಡುತ್ತೇನೆ. ಮದುವೆಯಾಗಿ ಇನ್ನೂ ಆರು ತಿಂಗಳಾಗಿರುವುದಿಲ್ಲ, ಹುಡುಗಿಯರು ಎಎಂಎಚ್ ಪರೀಕ್ಷೆ ಮಾಡಿಸಿಕೊಂಡು ಕಂಗಾಲಾಗಿ ಕೂತಿರುತ್ತಾರೆ. ಅಂಡಾಶಯದಲ್ಲಿ ಎಷ್ಟು ಅಂಡ ಉಳಿದಿವೆ ಎಂಬ ಅಂದಾಜು ಅದು. ಐವಿಎಫ್ ಮಾಡುವ ವೈದ್ಯರಿಗೆ ಉಪಯುಕ್ತ. ಆದರೆ ಅಮೆರಿಕದಲ್ಲಿ 30ರಿಂದ 44 ವಯಸ್ಸಿನ, ಬಂಜೆತನದ ಇತಿಹಾಸವಿಲ್ಲದ 750 ಹೆಂಗಸರ ಮೇಲೆ ಮಾಡಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎಎಂಎಚ್ ಕಡಿಮೆ ಇದ್ದವರೂ ಉಳಿದವರಷ್ಟೇ ಸಹಜವಾಗಿ ಬಸಿರಾದರು. ಒಂದು ಕಾಗದ ನೋಡಿ ನಿದ್ದೆ ಕೆಡಿಸಿಕೊಳ್ಳಬೇಡಿ.

ಬಸಿರು ನಿಂತರೆ ಕತೆ ಬೇರೆ. ಅಂಡ ಹೊರಬಂದು ಆರರಿಂದ ಹತ್ತು ದಿನದೊಳಗೆ ಭ್ರೂಣ ಗರ್ಭಕೋಶದ ಗೋಡೆಗೆ ಅಂಟುತ್ತದೆ. ಅಂಟಿದ ಕೂಡಲೇ ಎಚ್‌ಸಿಜಿ ಎಂಬ ಹಾರ್ಮೋನು ಬಿಡುತ್ತದೆ. ಅದು ಹಳದಿ ಗಂಟಿಗೆ ಹೋಗುವ ಸಂದೇಶ: ‘ಒಣಗಬೇಡ, ನಾನಿದ್ದೇನೆ’. ಮನೆಯಲ್ಲಿ ಮಾಡುವ ಪಟ್ಟಿ ಪರೀಕ್ಷೆಯಲ್ಲಿ ಎರಡನೇ ಗೆರೆ ಮೂಡುವುದು ಇದೇ ಎಚ್‌ಸಿಜಿಯಿಂದ. 1927ರಲ್ಲಿ ಬರ್ಲಿನ್ನಿನ ಆಶ್‌ಹೈಮ್ ಮತ್ತು ಜೊಂಡೆಕ್ ಇದನ್ನು ಕಂಡುಹಿಡಿಯಲು ಹೆಂಗಸಿನ ಮೂತ್ರವನ್ನು ಎಳೆಯ ಹೆಣ್ಣಿಲಿಗೆ ಚುಚ್ಚಿ, ಕೆಲವು ದಿನ ಕಾದು, ಇಲಿಯನ್ನು ಕೊಯ್ದು ನೋಡಬೇಕಿತ್ತು. ಈಗ ಆಶಾ ಕಾರ್ಯಕರ್ತೆಯ ಚೀಲದಲ್ಲೇ ‘ನಿಶ್ಚಯ್’ ಕಿಟ್ ಇರುತ್ತದೆ.

ಎಚ್‌ಸಿಜಿ ಮೊದಲ ವಾರಗಳಲ್ಲಿ ಎರಡು ಮೂರು ದಿನಕ್ಕೊಮ್ಮೆ ದುಪ್ಪಟ್ಟಾಗುತ್ತದೆ. ಎಂಟರಿಂದ ಹನ್ನೊಂದನೇ ವಾರದಲ್ಲಿ ತುದಿ ಮುಟ್ಟುತ್ತದೆ, ಲಕ್ಷದ ಆಸುಪಾಸಿಗೂ ಹೋಗಬಹುದು. ಆಮೇಲೆ ಇಳಿದು, ಹೆರಿಗೆಯವರೆಗೆ ಕಡಿಮೆ ಮಟ್ಟದಲ್ಲಿ ಇರುತ್ತದೆ. ಐದನೇ ವಾರದಲ್ಲಿ ಒಬ್ಬರಿಗೆ 18 ಇರಬಹುದು, ಇನ್ನೊಬ್ಬರಿಗೆ 7,000 ಇರಬಹುದು. ಎರಡೂ ಸರಿಯೇ. ಹಾಗಾಗಿ ಗೆಳತಿಯ ರಿಪೋರ್ಟಿನ ಪಕ್ಕ ನಿಮ್ಮದಿಟ್ಟು ಹೋಲಿಸಿದರೆ ಏನೂ ತಿಳಿಯುವುದಿಲ್ಲ. ನಿಮ್ಮದೇ ಎರಡು ರಿಪೋರ್ಟುಗಳ ನಡುವಿನ ಏರಿಕೆ ನೋಡಬೇಕು.

ಏಳರಿಂದ ಒಂಬತ್ತನೇ ವಾರದ ನಡುವೆ ಕೆಲಸ ಕೈ ಬದಲಾಗುತ್ತದೆ. ಪ್ರೊಜೆಸ್ಟರಾನ್ ತಯಾರಿಸುವ ಹೊಣೆಯನ್ನು ಹಳದಿ ಗಂಟಿನಿಂದ ಮಾಸು ತೆಗೆದುಕೊಳ್ಳುತ್ತದೆ. ಮಾಸು ಅಂದರೆ ಹೆರಿಗೆಯ ಕೊನೆಗೆ ಬೀಳುವ, ನಾವು ‘ಕಸ’ ಎಂದು ಹೇಳಿ ಹೂತುಬಿಡುವ ಅಂಗ. ಒಂಬತ್ತು ತಿಂಗಳಿಗಾಗಿ ಬೆಳೆದು, ತಿಂಗಳು ತುಂಬುವ ಹೊತ್ತಿಗೆ ದಿನಕ್ಕೆ ಸುಮಾರು 250 ಮಿಲಿಗ್ರಾಂ ಪ್ರೊಜೆಸ್ಟರಾನ್ ಉತ್ಪಾದಿಸುವ ಗ್ರಂಥಿ ಅದು. ಅದಕ್ಕೆ ಕಸ ಎನ್ನುವುದು ನನಗೆ ಸದಾ ಕಸಿವಿಸಿ.

‘ಬಸಿರು ಗಟ್ಟಿ ನಿಲ್ಲಲಿ’ ಎಂದು ಮೊದಲ ತಿಂಗಳಲ್ಲೇ ಪ್ರೊಜೆಸ್ಟರಾನ್ ಮಾತ್ರೆ ಬರೆದುಕೊಡುವುದು ನಮ್ಮಲ್ಲಿ ತುಂಬಾ ಸಾಮಾನ್ಯ. ಇದರ ಬಗ್ಗೆ ಒಳ್ಳೆಯ ಪುರಾವೆ ಇದೆ. ಬ್ರಿಟನ್ನಿನಲ್ಲಿ ಬಸಿರಿನ ಆರಂಭದಲ್ಲಿ ರಕ್ತ ಕಂಡ 4,153 ಹೆಂಗಸರ ಮೇಲೆ ಮಾಡಿದ ಪ್ರಯೋಗದ ಫಲಿತಾಂಶ 2019ರಲ್ಲಿ ಬಂತು. ಪ್ರೊಜೆಸ್ಟರಾನ್ ಪಡೆದವರಲ್ಲಿ 75% ಮಂದಿಗೆ ಜೀವಂತ ಮಗು ಹುಟ್ಟಿತು, ಖಾಲಿ ಮದ್ದು ಪಡೆದವರಲ್ಲಿ 72%. ಒಟ್ಟಾರೆ ದೊಡ್ಡ ವ್ಯತ್ಯಾಸವಿಲ್ಲ. ಆದರೆ ಮೊದಲೇ ಮೂರು ಅಥವಾ ಹೆಚ್ಚು ಗರ್ಭಪಾತ ಆಗಿದ್ದವರಲ್ಲಿ 72%, ಖಾಲಿ ಮದ್ದಿನಲ್ಲಿ 57%. ಅಂದರೆ ಆಯ್ದ ಕೆಲವರಿಗೆ ಇದು ನಿಜಕ್ಕೂ ದೊಡ್ಡ ಸಹಾಯ. ಎಲ್ಲರಿಗೂ ಸುಮ್ನೆ ಹಂಚುವ ಮಾತ್ರೆಯಲ್ಲ.

ತಿಂಗಳು ತುಂಬುವ ಹೊತ್ತಿಗೆ ಪ್ರೊಜೆಸ್ಟರಾನ್ 100ರಿಂದ 200 ನ್ಯಾನೋಗ್ರಾಂ. ಈಸ್ಟ್ರೋಜನ್‌ನ ಮುಖ್ಯ ರೂಪ 10,000 ಪಿಕೋಗ್ರಾಂ ದಾಟಿರುತ್ತದೆ. ಈಸ್ಟ್ರೋಜನ್‌ನ ಇನ್ನೊಂದು ರೂಪ ಈಸ್ಟ್ರಿಯಾಲ್. ಬಸಿರಿಲ್ಲದಾಗ ಅದು ರಕ್ತದಲ್ಲಿ ಲೆಕ್ಕಕ್ಕೆ ಸಿಗುವಷ್ಟೂ ಇರುವುದಿಲ್ಲ. ಇದನ್ನು ಮಾಸು ಒಂಟಿಯಾಗಿ ಮಾಡಲಾರದು. ಮಗುವಿನ ಅಡ್ರಿನಲ್ ಗ್ರಂಥಿ ಕಚ್ಚಾ ಸರಕು ಕೊಡುತ್ತದೆ, ಮಗುವಿನ ಲಿವರ್ ಅದನ್ನು ತುಸು ಮಾರ್ಪಡಿಸುತ್ತದೆ, ಮಾಸು ಕೊನೆಯ ಕೆಲಸ ಮುಗಿಸಿ ತಾಯಿಯ ರಕ್ತಕ್ಕೆ ಬಿಡುತ್ತದೆ. ತಾಯಿಯ ರಕ್ತದಲ್ಲಿ ಓಡಾಡುವ ಹಾರ್ಮೋನಿನಲ್ಲಿ ಮಗುವಿನ ದುಡಿಮೆಯೂ ಇದೆ ಎಂದು ಮೊದಲ ಸಲ ಓದಿದಾಗ ಪುಸ್ತಕ ಪಕ್ಕಕ್ಕಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಸ್ಕ್ಯಾನಿಂಗ್ ಬರುವ ಮೊದಲು ವೈದ್ಯರು ಹೊಟ್ಟೆಯೊಳಗಿನ ಮಗು ಹೇಗಿದೆ ಎಂದು ತಿಳಿಯಲು ಈ ಈಸ್ಟ್ರಿಯಾಲನ್ನೇ ಅಳೆಯುತ್ತಿದ್ದರು.

ಬಸುರಿಯ ದಿನನಿತ್ಯದ ಎಷ್ಟೋ ಕಿರಿಕಿರಿಗಳಿಗೆ ಪ್ರೊಜೆಸ್ಟರಾನೇ ಕಾರಣ. ಗರ್ಭಕೋಶದ ಸ್ನಾಯು ಬಿಗಿಯದಂತೆ ಅದು ನೋಡಿಕೊಳ್ಳಬೇಕು. ಆದರೆ ಕರುಳಿನ ಸ್ನಾಯುವನ್ನೂ ಸಡಿಲಿಸುತ್ತದೆ, ಅದರಿಂದ ಮಲಬದ್ಧತೆ. ಅನ್ನನಾಳದ ಬಾಯಿಯನ್ನು ಸಡಿಲಿಸುತ್ತದೆ, ಅದರಿಂದ ಎದೆ ಉರಿ. ಹೊಟ್ಟೆ ಇನ್ನೂ ಕಾಣದ ಮೂರನೇ ತಿಂಗಳಲ್ಲೇ ಮೆಟ್ಟಿಲು ಹತ್ತಿದರೆ ಏದುಸಿರು ಬರುವುದಕ್ಕೂ ಅದೇ ಕಾರಣ, ಉಸಿರಾಟದ ಕೇಂದ್ರವನ್ನು ಅದು ಚುರುಕು ಮಾಡುತ್ತದೆ.

ವಾಂತಿಯ ಕತೆ ಮಾತ್ರ ಈಚೆಗೆ ಬದಲಾಯಿತು. ಎಚ್‌ಸಿಜಿ ಏರಿದಾಗಲೇ ವಾಂತಿಯೂ ಜಾಸ್ತಿ ಆಗುವುದರಿಂದ ಬಹುಕಾಲ ಅದನ್ನೇ ದೂರುತ್ತಿದ್ದರು. 2023ರ ಡಿಸೆಂಬರ್‌ನಲ್ಲಿ ಪ್ರಕಟವಾದ ಸಂಶೋಧನೆ ಬೇರೊಂದು ಹಾರ್ಮೋನನ್ನು ತೋರಿಸಿತು, ಜಿಡಿಎಫ್15. ಬಸಿರಿನಲ್ಲಿ ಇದು ಮುಖ್ಯವಾಗಿ ಭ್ರೂಣದ ಕಡೆಯಿಂದ, ಮಾಸಿನ ಮೂಲಕ ಬರುತ್ತದೆ. ಬಸಿರಿಗೆ ಮೊದಲು ರಕ್ತದಲ್ಲಿ ಇದು ಕಡಿಮೆ ಇದ್ದವರಿಗೆ ಅಭ್ಯಾಸವಿರುವುದಿಲ್ಲ, ಹಾಗಾಗಿ ಪೆಟ್ಟು ಜೋರು. ಮೊದಲೇ ಜಾಸ್ತಿ ಇರುವ ಥಲಸೇಮಿಯಾ ರೋಗಿಗಳಿಗೆ ಬಸಿರಿನ ವಾಂತಿ ತುಂಬಾ ಕಡಿಮೆ. ಈ ಸಂಶೋಧನೆಯ ಹಿಂದಿರುವ ಮಾರ್ಲೇನಾ ಫೇಜೊ 1999ರಲ್ಲಿ ಇದೇ ತೀವ್ರ ವಾಂತಿಯಿಂದ ತಮ್ಮ ಮಗುವನ್ನು ಕಳೆದುಕೊಂಡವರು. ‘ಎಲ್ಲರೂ ಹೆರಲ್ವಾ, ಇವಳಿಗೇನು ವಿಶೇಷ’ ಎನ್ನುವ ಮನೆಗಳಲ್ಲಿ ಈ ವಿಷಯ ಗಟ್ಟಿಯಾಗಿ ಓದಿ ಹೇಳಬೇಕು.

ಥೈರಾಯ್ಡ್ ಮತ್ತು ಸಕ್ಕರೆ

ಮೊದಲ ತಿಂಗಳುಗಳಲ್ಲಿ ಮಗುವಿಗೆ ಸ್ವಂತ ಥೈರಾಯ್ಡ್ ಹಾರ್ಮೋನು ಇರುವುದಿಲ್ಲ. ಅದರ ಮೆದುಳು ಬೆಳೆಯುವುದು ತಾಯಿಯ ಹಾರ್ಮೋನಿನಿಂದ. ಹಾಗಾಗಿ ತಾಯಿಯ ಥೈರಾಯ್ಡ್ ಗ್ರಂಥಿ ಸುಮಾರು ಒಂದೂವರೆ ಪಟ್ಟು ದುಡಿಯಬೇಕಾಗುತ್ತದೆ. ಆರೋಗ್ಯವಾಗಿರುವ ಗ್ರಂಥಿ ದುಡಿಯುತ್ತದೆ. ಮೊದಲೇ ಥೈರಾಯ್ಡ್ ಮಾತ್ರೆ ನುಂಗುತ್ತಿರುವವರ ಗ್ರಂಥಿಗೆ ಆ ಶಕ್ತಿಯಿಲ್ಲ. ಅವರಿಗೆ ಬಸಿರಿನಲ್ಲಿ ಕಾಲು ಭಾಗದಿಂದ ಅರ್ಧದವರೆಗೆ ಜಾಸ್ತಿ ಮಾತ್ರೆ ಬೇಕಾಗಬಹುದು. ಬಸಿರು ಗೊತ್ತಾದ ವಾರವೇ ವೈದ್ಯರಿಗೆ ಹೇಳಬೇಕು. ಹೆರಿಗೆಯಾದ ಮೇಲೆ ಅಗತ್ಯ ಮತ್ತೆ ಹಳೆಯ ಮಟ್ಟಕ್ಕೆ ಇಳಿಯುತ್ತದೆ. ಇದನ್ನು ನೆನಪಿಟ್ಟು ಮಾತ್ರೆ ಇಳಿಸುವವರು ಕಡಿಮೆ. ಬಸಿರಿನ ಡೋಸನ್ನೇ ತಿಂಗಳುಗಟ್ಟಲೆ ನುಂಗಿ ಎದೆ ಬಡಿತ, ನಿದ್ದೆಗೇಡು ಎಂದು ಒದ್ದಾಡುವ ಬಾಣಂತಿಯರಿದ್ದಾರೆ.

ಸಕ್ಕರೆಯದೂ ಇದೇ ಬಗೆ. ಮಾಸು ಬಿಡುವ ಲ್ಯಾಕ್ಟೋಜನ್ ಎಂಬ ಹಾರ್ಮೋನು ತಾಯಿಯ ದೇಹ ಇನ್ಸುಲಿನ್ನಿಗೆ ಸುಲಭವಾಗಿ ಮಣಿಯದಂತೆ ಮಾಡುತ್ತದೆ. ತಾಯಿಯ ರಕ್ತದಲ್ಲಿ ಸಕ್ಕರೆ ಹೆಚ್ಚು ಹೊತ್ತು ಉಳಿದರೆ ಮಗುವಿಗೆ ಹೆಚ್ಚು ಸಿಗುತ್ತದೆ, ಅದಕ್ಕಾಗಿ. ಕೊನೆಯ ತಿಂಗಳುಗಳಲ್ಲಿ ಇನ್ಸುಲಿನ್ನಿನ ಪರಿಣಾಮ ಅರ್ಧಕ್ಕಿಂತ ಕಡಿಮೆಯಾಗಿರುತ್ತದೆ. ಮೇದೋಜೀರಕ ಗ್ರಂಥಿ ಅಷ್ಟು ಹೆಚ್ಚುವರಿ ಇನ್ಸುಲಿನ್ ಕೊಡಲಾಗದಿದ್ದರೆ ಅದೇ ಬಸಿರಿನ ಸಕ್ಕರೆ ಕಾಯಿಲೆ. ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ಮೇಲೆ ರಕ್ತ ನೋಡುತ್ತಾರೆ. 140 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಕಾಯಿಲೆ ಎಂದು ಲೆಕ್ಕ.

ಹೆರಿಗೆಯಾದ ಒಂದೆರಡು ದಿನದಲ್ಲಿ ಸಕ್ಕರೆ ಸರಿಹೋಗುತ್ತದೆ. ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. ಅಲ್ಲೇ ನಾವು ಎಡವುವುದು. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ, ಹಳಬರ ಬಾಯಲ್ಲಿ ಮಿಷನ್ ಆಸ್ಪತ್ರೆಯಲ್ಲಿ, 1997-98ರಲ್ಲಿ ಬಸುರಿಯರನ್ನು ಸೇರಿಸಿಕೊಂಡು ಪಾರ್ಥೆನಾನ್ ಎಂಬ ದೀರ್ಘ ಅಧ್ಯಯನ ಶುರುವಾಯಿತು. ಪರೀಕ್ಷೆಗೆ ಒಳಗಾದವರಲ್ಲಿ ಸುಮಾರು 6% ಮಂದಿಗೆ ಬಸಿರಿನ ಸಕ್ಕರೆ ಕಾಯಿಲೆ ಇತ್ತು. ಐದು ವರ್ಷದ ಮೇಲೆ ಮತ್ತೆ ನೋಡಿದಾಗ ಅವರಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಮಂದಿಗೆ ಕಾಯಂ ಮಧುಮೇಹ ಬಂದಿತ್ತು. ಬಸಿರಿನಲ್ಲಿ ಸಕ್ಕರೆ ಸರಿಯಿದ್ದವರಲ್ಲಿ ಇದು ಬೆರಳೆಣಿಕೆಯಷ್ಟು ಮಂದಿಗೆ ಮಾತ್ರ. ಒಂಬತ್ತು ತಿಂಗಳ ಹಾರ್ಮೋನು ಮುಂದೆ ಬರಲಿರುವ ಕಾಯಿಲೆಯನ್ನು ಮೊದಲೇ ತೋರಿಸಿಕೊಟ್ಟಿತ್ತು. ಹೆರಿಗೆಯಾಗಿ ಆರು ವಾರಕ್ಕೆ ಮತ್ತೆ ಗ್ಲೂಕೋಸ್ ಪರೀಕ್ಷೆ, ಆಮೇಲೆ ವರ್ಷಕ್ಕೊಮ್ಮೆ ನೋಡಿಸಿಕೊಳ್ಳುವುದು, ಇಷ್ಟೇ ಬೇಕಿರುವುದು. ಆದರೆ ಆ ಹೊತ್ತಿಗೆ ಕಾರ್ಡಿನಲ್ಲಿ ಬಿಸಿಜಿ, ಪೋಲಿಯೊದ ಪುಟ ತೆರೆದಿರುತ್ತದೆ.

ನೋವು, ಹಾಲು, ಮತ್ತು ಒಂದು ನಿಷೇಧ

ಹೆರಿಗೆ ನೋವಿನ ಹಾರ್ಮೋನು ಆಕ್ಸಿಟೋಸಿನ್. ಮಗುವಿನ ತಲೆ ಗರ್ಭಕೋಶದ ಬಾಯನ್ನು ಒತ್ತಿದಷ್ಟೂ ಮೆದುಳು ಆಕ್ಸಿಟೋಸಿನ್ ಬಿಡುತ್ತದೆ. ಅದರಿಂದ ಗರ್ಭಕೋಶ ಬಿಗಿಯುತ್ತದೆ, ತಲೆ ಇನ್ನಷ್ಟು ಒತ್ತುತ್ತದೆ, ಇನ್ನಷ್ಟು ಆಕ್ಸಿಟೋಸಿನ್. ಮಗು ಹೊರಬರುವವರೆಗೆ ಈ ಸುತ್ತು ನಿಲ್ಲುವುದಿಲ್ಲ. 1953ರಲ್ಲಿ ವಿನ್ಸೆಂಟ್ ಡು ವಿಗ್ನೋ ಇದನ್ನು ಪ್ರಯೋಗಾಲಯದಲ್ಲಿ ತಯಾರಿಸಿದರು. ಎರಡು ವರ್ಷದಲ್ಲಿ ನೊಬೆಲ್ ಬಂತು. ಇಂದು ಮಗು ಹುಟ್ಟಿದ ಕೂಡಲೇ ತಾಯಿಗೆ ಕೊಡುವ 10 ಯೂನಿಟ್ ಆಕ್ಸಿಟೋಸಿನ್ ಇಂಜೆಕ್ಷನ್ ರಕ್ತಸ್ರಾವ ತಡೆದು ಜೀವ ಉಳಿಸುತ್ತದೆ.

ಇದೇ ಹಾರ್ಮೋನು ಹಾಲು ಇಳಿಸುತ್ತದೆ ಕೂಡ. ಕರು ಮೂತಿ ತಿಕ್ಕಿದಾಗ ಹಸು ಸೊರೆ ಬಿಡುವುದು ಆಕ್ಸಿಟೋಸಿನ್ನಿಂದಲೇ. ಪಕ್ಕದ ಕೋಣೆಯಲ್ಲಿ ಮಗು ಅತ್ತರೆ ತಾಯಿಯ ರವಿಕೆ ಒದ್ದೆಯಾಗುವುದೂ ಅದರಿಂದಲೇ. ಕೆಲವರು ಹಸುಗಳಿಗೆ ಇದನ್ನು ಚುಚ್ಚಿ ಹಾಲು ಕರೆಯುತ್ತಿದ್ದರು. ಅದನ್ನು ತಡೆಯಲೆಂದು ಕೇಂದ್ರ ಸರ್ಕಾರ 2018ರ ಏಪ್ರಿಲ್‌ನಲ್ಲಿ ಖಾಸಗಿ ಕಂಪನಿಗಳು ದೇಶದ ಬಳಕೆಗೆ ಆಕ್ಸಿಟೋಸಿನ್ ತಯಾರಿಸಬಾರದು ಎಂದಿತು. ಇಡೀ ದೇಶದ ಹೊರೆ ಬಿದ್ದದ್ದು ನಮ್ಮ ಬೆಂಗಳೂರಿನ ಸರ್ಕಾರಿ ಕಂಪನಿ ಕರ್ನಾಟಕ ಆಂಟಿಬಯಾಟಿಕ್ಸ್ ಅಂಡ್ ಫಾರ್ಮಾಸ್ಯುಟಿಕಲ್ಸ್ ಮೇಲೆ. ಒಂದೇ ಕಾರ್ಖಾನೆಯಲ್ಲಿ ತಯಾರಿಕೆ ನಿಂತರೆ ಹೆರಿಗೆ ಕೋಣೆಗಳ ಗತಿಯೇನು ಎಂದು ವೈದ್ಯರು ಕೇಳಿದರು. ಅದೇ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಕೊಟ್ಟಿಗೆಯ ಚಿಂತೆಯಲ್ಲಿ ಹೆರಿಗೆ ಕೋಣೆ ಮರೆತ ತೀರ್ಮಾನ ಅದು ಎಂದೇ ನನ್ನ ಅಭಿಪ್ರಾಯ.

ಇಳಿಯುವ ದಾರಿ

ಮಾಸು ಬಿತ್ತು ಅಂದರೆ ಕಾರ್ಖಾನೆಯೇ ಹೊರಗೆ ಹೋಯಿತು. ಒಂದು ದಿನದಲ್ಲಿ ಪ್ರೊಜೆಸ್ಟರಾನ್ ಮುಟ್ಟಿನ ತಿಂಗಳಿನ ಮಟ್ಟಕ್ಕೆ ಬರುತ್ತದೆ. ಈಸ್ಟ್ರೋಜನ್‌ಗೂ ಒಂದರಿಂದ ಮೂರು ದಿನ ಸಾಕು. ಎಚ್‌ಸಿಜಿ ಪೂರ್ತಿ ಹೋಗಲು ಎರಡರಿಂದ ನಾಲ್ಕು ವಾರ. ಒತ್ತಡದ ಹಾರ್ಮೋನು ಕಾರ್ಟಿಸಾಲ್ ಬಸಿರಿನಲ್ಲಿ ಎರಡು ಮೂರು ಪಟ್ಟು ಏರಿರುತ್ತದೆ. ಅದನ್ನು ಏರಿಸುತ್ತಿದ್ದ ಮಾಸಿನ ಸಂದೇಶವೂ ನಿಲ್ಲುತ್ತದೆ, ತಾಯಿಯ ಸ್ವಂತ ವ್ಯವಸ್ಥೆ ಮತ್ತೆ ಚುರುಕಾಗಲು ವಾರಗಳು ಬೇಕು.

ಈ ಕುಸಿತದಿಂದ ಒಂದು ಒಳ್ಳೆಯದೂ ಆಗುತ್ತದೆ. ಹಾಲು ತಯಾರಿಸುವ ಪ್ರೊಲ್ಯಾಕ್ಟಿನ್ ಬಸಿರಿನಲ್ಲೇ 25ರ ಒಳಗಿನಿಂದ 200ರ ಮೇಲೆ ಏರಿರುತ್ತದೆ. ಆದರೂ ಹಾಲು ಬಂದಿರುವುದಿಲ್ಲ, ಪ್ರೊಜೆಸ್ಟರಾನ್ ತಡೆ ಹಿಡಿದಿರುತ್ತದೆ. ಅದು ಬಿದ್ದ ಮೇಲೆ ಎರಡರಿಂದ ನಾಲ್ಕನೇ ದಿನಕ್ಕೆ ಎದೆ ಬಿಗಿದು ಹಾಲು ಇಳಿಯುತ್ತದೆ. ಮಾಸಿನ ಚೂರು ಒಳಗೇ ಉಳಿದಿದ್ದರೆ ಹಾಲು ತಡವಾಗಬಹುದು. ಇನ್ನೊಂದು ಗಂಭೀರ ಕಾರಣವಿದೆ. ಬಸಿರಿನಲ್ಲಿ ಪಿಟ್ಯುಟರಿ ಗ್ರಂಥಿ ದಪ್ಪಗಾಗಿರುತ್ತದೆ, ಅದಕ್ಕೆ ರಕ್ತ ಜಾಸ್ತಿ ಬೇಕು. ಹೆರಿಗೆಯಲ್ಲಿ ತೀವ್ರ ರಕ್ತಸ್ರಾವವಾದರೆ ಆ ಗ್ರಂಥಿಯೇ ಸಾಯಬಹುದು. 1937ರಲ್ಲಿ ಶೀಹನ್ ಎಂಬ ವೈದ್ಯ ಇದನ್ನು ವಿವರಿಸಿದರು. ಅಂಥ ತಾಯಿಗೆ ಹಾಲು ಬರುವುದೇ ಇಲ್ಲ. ಮುಟ್ಟು ಮರಳುವುದಿಲ್ಲ. ಸುಸ್ತು ಹೋಗುವುದಿಲ್ಲ. ನಮ್ಮ ದೇಶದಲ್ಲಿ ಎಷ್ಟೋ ಹೆಂಗಸರಿಗೆ ಇದು ಪತ್ತೆಯಾಗುವುದು ಹೆರಿಗೆಯಾಗಿ ವರ್ಷಗಳ ಮೇಲೆ. ಅಷ್ಟು ವರ್ಷ ಅವರು ಕೇಳಿಸಿಕೊಂಡಿರುವುದು ‘ಮಗುವಿಗೆ ಹಾಲಿಲ್ಲದವಳು’ ಎಂಬ ಮಾತು.

ಮಗು ಎದೆ ಚೀಪುತ್ತಿರುವಷ್ಟು ಕಾಲ ಅಂಡಾಶಯಕ್ಕೆ ಹೋಗುವ ಮೆದುಳಿನ ಸಂದೇಶ ಮಂಕಾಗಿರುತ್ತದೆ. ಹಾಗಾಗಿ ಮುಟ್ಟು ಬರುವುದಿಲ್ಲ. ಎದೆಹಾಲು ಬಿಟ್ಟು ಬೇರೇನೂ ಕೊಡದೆ, ಹಗಲು ರಾತ್ರಿ ಕುಡಿಸುತ್ತಾ, ಮುಟ್ಟೂ ಬರದೆ, ಮಗುವಿಗೆ ಆರು ತಿಂಗಳೊಳಗೆ ಇದ್ದರೆ ಬಸಿರು ತಪ್ಪುವ ಖಾತ್ರಿ 98%. ಈ ಷರತ್ತುಗಳಲ್ಲಿ ಒಂದು ತಪ್ಪಿದರೂ ಲೆಕ್ಕ ತಪ್ಪುತ್ತದೆ. ಮೊದಲ ಮುಟ್ಟಿಗೆ ಮುಂಚೆಯೇ ಅಂಡ ಬರಬಹುದು. ಹಾಲುಣಿಸದವರಿಗಂತೂ 25ನೇ ದಿನಕ್ಕೇ ಬರಬಹುದು. ‘ಮುಟ್ಟೇ ಆಗಿಲ್ಲ, ಹೇಗೆ ಬಸಿರಾದೆ’ ಎಂದು ಅಚ್ಚರಿಪಡುವವರಿಗೆ ಉತ್ತರ ಇದು.

ಹಾಲುಣಿಸುವ ತಿಂಗಳುಗಳಲ್ಲಿ ಈಸ್ಟ್ರೋಜನ್ ತುಂಬಾ ಕೆಳಗಿರುತ್ತದೆ. ರಾತ್ರಿ ಬೆವರು, ಯೋನಿ ಒಣಗಿ ಕೂಡುವಾಗ ನೋವು, ಇವೆಲ್ಲ ಅದರಿಂದ. ಈ ನೋವಿನ ಬಗ್ಗೆ ನಮ್ಮ ಹೆಂಗಸರು ಯಾರಿಗೂ ಹೇಳುವುದಿಲ್ಲ. ಗಂಡನಿಗೂ ಹೇಳುವುದಿಲ್ಲ. ಹೇಳಿದರೆ ವೈದ್ಯರ ಬಳಿ ಸರಳ ಪರಿಹಾರವಿದೆ. ಹಾಲಿನ ಮೂಲಕ ಸುಣ್ಣದಂಶ ಹೋಗಿ ಮೂಳೆಯ ಸಾಂದ್ರತೆ 3ರಿಂದ 10% ಇಳಿಯುತ್ತದೆ, ಹಾಲು ಬಿಡಿಸಿದ ಮೇಲೆ ಮತ್ತೆ ತುಂಬಿಕೊಳ್ಳುತ್ತದೆ. ಕೂದಲೂ ಹಾಗೇ. ಬಸಿರಿನಲ್ಲಿ ಉದುರದೆ ಉಳಿದದ್ದೆಲ್ಲ ಎರಡರಿಂದ ನಾಲ್ಕನೇ ತಿಂಗಳಲ್ಲಿ ಒಟ್ಟಿಗೆ ಉದುರುತ್ತದೆ.

ಇನ್ನು ಮನಸ್ಸು. ಮೂರರಿಂದ ಐದನೇ ದಿನದಲ್ಲಿ ಕಾರಣವಿಲ್ಲದೆ ಅಳು ಬರುವುದು ಅರ್ಧಕ್ಕಿಂತ ಹೆಚ್ಚು ತಾಯಂದಿರ ಅನುಭವ. ಎರಡು ವಾರದೊಳಗೆ ಅದು ತಾನಾಗಿ ಹೋಗುತ್ತದೆ. ಹೋಗದೆ ಉಳಿದರೆ ಅದು ಖಿನ್ನತೆ ಇರಬಹುದು. ಭಾರತದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 2017ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ಹೆರಿಗೆಯ ನಂತರದ ಖಿನ್ನತೆ ಸುಮಾರು 22% ತಾಯಂದಿರಲ್ಲಿದೆ. ಐವರಲ್ಲಿ ಒಬ್ಬರಿಗಿಂತ ಜಾಸ್ತಿ.

ಹಾರ್ಮೋನು ಎಲ್ಲರಲ್ಲೂ ಬೀಳುತ್ತದೆ, ಖಿನ್ನತೆ ಕೆಲವರಿಗೆ ಮಾತ್ರ. ಯಾಕೆ? 2000ದಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಸಣ್ಣ ಪ್ರಯೋಗ ಇದಕ್ಕೆ ಸುಳಿವು ಕೊಟ್ಟಿತು. ಬಸಿರಿಲ್ಲದ 16 ಹೆಂಗಸರಿಗೆ ಈಸ್ಟ್ರೋಜನ್, ಪ್ರೊಜೆಸ್ಟರಾನ್ ಕೊಟ್ಟು ಬಸಿರಿನಂಥ ಏರಿಕೆ ಉಂಟುಮಾಡಿ, ಆಮೇಲೆ ಒಮ್ಮೆಲೇ ನಿಲ್ಲಿಸಿದರು. ಅವರಲ್ಲಿ ಎಂಟು ಮಂದಿಗೆ ಮೊದಲು ಹೆರಿಗೆಯ ನಂತರ ಖಿನ್ನತೆ ಬಂದಿತ್ತು, ಎಂಟು ಮಂದಿಗೆ ಬಂದಿರಲಿಲ್ಲ. ಬಂದಿದ್ದ ಎಂಟರಲ್ಲಿ ಐವರಿಗೆ ಮನಸ್ಸು ಮತ್ತೆ ಕುಸಿಯಿತು. ಉಳಿದ ಎಂಟರಲ್ಲಿ ಒಬ್ಬರಿಗೂ ಇಲ್ಲ. ಅದೇ ಡೋಸು, ಅದೇ ಇಳಿತ. ಕೆಲವರ ಮೆದುಳು ಆ ಇಳಿತಕ್ಕೆ ಹೆಚ್ಚು ಸೂಕ್ಷ್ಮ. ಹಾಗಾಗಿ ರಕ್ತದಲ್ಲಿ ಹಾರ್ಮೋನು ಅಳೆದು ‘ನಿನಗೇನೂ ಆಗಿಲ್ಲ’ ಎನ್ನಲು ಬರುವುದಿಲ್ಲ.

ಪ್ರೊಜೆಸ್ಟರಾನ್ ಮುರಿದಾಗ ಹುಟ್ಟುವ ಅಲೋಪ್ರೆಗ್ನನೋಲೋನ್ ಎಂಬ ವಸ್ತು ಮೆದುಳನ್ನು ಶಾಂತವಾಗಿಡುತ್ತದೆ. ಅದೂ ಮಾಸಿನ ಜೊತೆಗೇ ಹೋಗುತ್ತದೆ. ಇದನ್ನೇ ಹಿಡಿದು ಅಮೆರಿಕದಲ್ಲಿ 2019ರಲ್ಲಿ ಬ್ರೆಕ್ಸನೋಲೋನ್‌ಗೆ ಅನುಮತಿ ಸಿಕ್ಕಿತು, 60 ಗಂಟೆ ಡ್ರಿಪ್ ಮೂಲಕ ಕೊಡುವ ಔಷಧಿ. 2023ರಲ್ಲಿ 14 ದಿನ ನುಂಗುವ ಜುರಾನೋಲೋನ್ ಬಂತು. ಬಾಣಂತಿಯ ಖಿನ್ನತೆಗೆಂದೇ ತಯಾರಾದ ಮೊದಲ ಮದ್ದುಗಳು ಇವು.

ಆದರೆ ಎಲ್ಲವನ್ನೂ ಹಾರ್ಮೋನಿನ ತಲೆಗೆ ಕಟ್ಟುವುದು ನನಗೆ ಒಪ್ಪಿಗೆಯಿಲ್ಲ. ಪಕ್ಕದ ಗೋವಾದಲ್ಲಿ ಮಾಡಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಡತನ, ಗಂಡನೊಂದಿಗಿನ ಕೆಟ್ಟ ಸಂಬಂಧ ಮತ್ತು ಹುಟ್ಟಿದ ಮಗು ಹೆಣ್ಣು ಎಂಬುದು ಖಿನ್ನತೆಗೆ ಹತ್ತಿರದ ನಂಟು ಹೊಂದಿದ್ದವು. ಹಾರ್ಮೋನು ಬೀಳುತ್ತಿರುವ ಮೂರನೇ ದಿನವೇ ‘ಮತ್ತೆ ಹೆಣ್ಣಾ’ ಎಂಬ ಮಾತು ಕಿವಿಗೆ ಬಿದ್ದರೆ ಆ ಮನಸ್ಸಿಗೆ ಏನಾಗಬೇಡ?

ಹಳಬರು ‘ಬಾಣಂತಿ ಸನ್ನಿ’ ಎನ್ನುತ್ತಿದ್ದ ಕಾಯಿಲೆ ಬೇರೆ, ಇನ್ನೂ ತೀವ್ರ. ಸಾವಿರ ಹೆರಿಗೆಗೆ ಒಂದೋ ಎರಡೋ. ಮೊದಲ ಎರಡು ವಾರದಲ್ಲಿ ನಿದ್ದೆ ಪೂರ್ತಿ ಹೋಗಿ, ಇಲ್ಲದ್ದು ಕೇಳಿಸಿ, ಮಗುವಿನ ಬಗ್ಗೆ ವಿಚಿತ್ರ ಅನುಮಾನ ಶುರುವಾಗುತ್ತದೆ. ಅದು ಗಾಳಿ ಸೋಕಿದ್ದಲ್ಲ, ತುರ್ತು ಕಾಯಿಲೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ-ಮಗುವನ್ನು ಒಟ್ಟಿಗೇ ಸೇರಿಸಿಕೊಂಡು ಚಿಕಿತ್ಸೆ ಕೊಡುವ ವಾರ್ಡ್ ಇದೆ. ಮನಸ್ಸಿನ ಯಾವ ಕಷ್ಟಕ್ಕೂ ಟೆಲಿ ಮಾನಸ್ 14416ಕ್ಕೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಐದನೇ ತಿಂಗಳು

ನನ್ನ ತಂಗಿಯ ವಿಷಯ ಹೇಳುತ್ತೇನೆ. ಬಸಿರು, ಹೆರಿಗೆ ಎಲ್ಲ ಸಲೀಸು. ಎರಡನೇ ತಿಂಗಳಲ್ಲಿ ಎದೆ ಬಡಿತ ಶುರುವಾಯಿತು, ತೂಕ ಸರ್ರನೆ ಇಳಿಯಿತು. ‘ಮಗು ಹಾಲು ಕುಡೀತಿದೆಯಲ್ಲ, ಅದಕ್ಕೆ’ ಎಂದರು ಅಮ್ಮ. ಐದನೇ ತಿಂಗಳಿಗೆ ಎಲ್ಲ ಉಲ್ಟಾ. ಕೈಕಾಲು ತಣ್ಣಗೆ, ಮೈಯೆಲ್ಲ ಭಾರ, ಮಗುವನ್ನು ಎತ್ತಲೂ ಬೇಸರ. ‘ಅಕ್ಕ, ನಂಗೆ ಈ ಮಗು ಮೇಲೆ ಪ್ರೀತಿನೇ ಬರ್ತಿಲ್ಲ ಅನ್ಸುತ್ತೆ’ ಎಂದು ಫೋನಿನಲ್ಲಿ ಅತ್ತಳು. ಒಂದು ಆಸ್ಪತ್ರೆಗೆ ಹೋದರೆ ‘ಬಾಣಂತಿಗೆ ಇದೆಲ್ಲ ಇರೋದೇ ಕಣಮ್ಮ’ ಎಂದು ಟಾನಿಕ್ ಬರೆದು ಕಳಿಸಿದರು. ಇನ್ನೊಬ್ಬ ವೈದ್ಯೆ ಟಿಎಸ್‌ಎಚ್ ಪರೀಕ್ಷೆ ಬರೆದರು, ಥೈರಾಯ್ಡ್ ಗ್ರಂಥಿ ಸೋತಷ್ಟೂ ಏರುವ ಹಾರ್ಮೋನು ಅದು. ಮಿತಿಗಿಂತ ಎಷ್ಟೋ ಪಟ್ಟು ಜಾಸ್ತಿ.

ಹೆರಿಗೆಯ ನಂತರದ ಥೈರಾಯ್ಡ್ ಉರಿಯೂತ ಅದು. ಬಸಿರಿನಲ್ಲಿ ಮಗುವನ್ನು ತಿರಸ್ಕರಿಸದಂತೆ ತಗ್ಗಿದ್ದ ರೋಗನಿರೋಧಕ ಶಕ್ತಿ ಹೆರಿಗೆಯ ಮೇಲೆ ಮತ್ತೆ ಪುಟಿದೇಳುತ್ತದೆ. ಕೆಲವರಲ್ಲಿ ಅದು ಥೈರಾಯ್ಡ್ ಗ್ರಂಥಿಯ ಮೇಲೆಯೇ ಬೀಳುತ್ತದೆ. ಮೊದಲು ಗ್ರಂಥಿಯಲ್ಲಿ ಕೂಡಿಟ್ಟ ಹಾರ್ಮೋನು ಸೋರಿ ಎದೆ ಬಡಿತ, ಒಂದರಿಂದ ನಾಲ್ಕನೇ ತಿಂಗಳಲ್ಲಿ. ಆಮೇಲೆ ಗ್ರಂಥಿ ಬರಿದಾಗಿ ಸುಸ್ತು, ಚಳಿ, ಬೇಸರ, ನಾಲ್ಕರಿಂದ ಎಂಟನೇ ತಿಂಗಳಲ್ಲಿ. ನೂರು ತಾಯಂದಿರಲ್ಲಿ ಐದರಿಂದ ಹತ್ತು ಮಂದಿಗೆ ಬರುತ್ತದೆ. ಒಂದು ರಕ್ತಪರೀಕ್ಷೆ ಸಾಕು ಹಿಡಿಯಲು.

ನಮ್ಮ ಬಾಣಂತನದ ಪದ್ಧತಿಯ ಬಗ್ಗೆ ನನಗೆ ಗೌರವವಿದೆ. ತವರಿನಲ್ಲಿ ಮೂರು ಅಥವಾ ಐದು ತಿಂಗಳು, ಎಣ್ಣೆ ನೀರು, ಬಿಸಿ ಅನ್ನ, ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪು, ರಾತ್ರಿ ಮಗು ನೋಡಿಕೊಳ್ಳಲು ಅಮ್ಮ. ಹಾರ್ಮೋನು ಕುಸಿಯುವ ವಾರಗಳಲ್ಲಿ ತಾಯಿಗೆ ಬೇಕಾದ ನಿದ್ದೆ, ಆಸರೆ ಎರಡೂ ಅಲ್ಲಿವೆ. ಅಮೆರಿಕದಲ್ಲಿರುವ ಮಗಳಿಗೆ ಬಾಣಂತನ ಮಾಡಲು ಆರು ತಿಂಗಳಿಗೆಂದು ವಿಮಾನ ಹತ್ತುವ ಅಮ್ಮಂದಿರು ಕೊಂಡೊಯ್ಯುವುದೂ ಅದನ್ನೇ. ಬಾಯಾರಿದರೂ ನೀರು ಕೊಡದಿರುವುದು, ಹಣ್ಣು ಬಿಡಿಸುವುದು, ಬಾಗಿಲು ಮುಚ್ಚಿದ ಕೋಣೆಯಲ್ಲಿ ಹೊಗೆ ಹಾಕುವುದು, ಇವಿಷ್ಟನ್ನು ಬಿಡಬೇಕು. ಹಾಲು ಬರಲು ನೀರು ಬೇಕು.

ತೊಂದರೆ ಇರುವುದು ಬಾಣಂತನ ಮುಗಿಯುವ ಹೊತ್ತಿನಲ್ಲಿ. ಐದನೇ ತಿಂಗಳಲ್ಲಿ ಹುಡುಗಿ ಗಂಡನ ಮನೆಗೆ ಹೊರಡುತ್ತಾಳೆ. ಥೈರಾಯ್ಡ್ ಬರಿದಾಗುವ ಹೊತ್ತೂ ಅದೇ, ಕೂದಲು ಉದುರುವುದು ಅದರ ಆಸುಪಾಸಿನಲ್ಲೇ. ರಾತ್ರಿ ಎಚ್ಚರ ಇರಲು ಅಮ್ಮ ಜೊತೆಗಿಲ್ಲ. ಕಚೇರಿಗೆ ಹೋಗುವವಳಾದರೆ 26 ವಾರದ ಹೆರಿಗೆ ರಜೆ ಮುಗಿಯುತ್ತಾ ಬಂದಿರುತ್ತದೆ. ಕೂಲಿಗೆ ಹೋಗುವವಳಿಗೆ ಅಷ್ಟೂ ಇಲ್ಲ. ಆಸ್ಪತ್ರೆಯ ಲೆಕ್ಕದಲ್ಲಿ ಅವಳು ಮೂರೂವರೆ ತಿಂಗಳ ಹಿಂದೆಯೇ ‘ಸರಿ’ ಆಗಿದ್ದಾಳೆ. ತವರೂರಿನ ಆಶಾ ಕಾರ್ಯಕರ್ತೆ ಅವಳನ್ನು ಬಲ್ಲಳು. ಗಂಡನ ಊರಿನ ಆಶಾ ಈಗಷ್ಟೇ ನೋಡುತ್ತಿದ್ದಾಳೆ. ಮಗುವಿನ ಲಸಿಕೆಯ ಲೆಕ್ಕ ಕಾರ್ಡಿನಲ್ಲಿ ಜೊತೆಗೆ ಬರುತ್ತದೆ, ತಾಯಿಯ ಕತೆ ಬರುವುದಿಲ್ಲ.

ಇದಕ್ಕೆ ಹೊಸ ಯೋಜನೆ ಬೇಕಿಲ್ಲ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆಶಾ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರಬೇಕು. 2018ರಿಂದ ಮಗುವಿಗಾಗಿ 3, 6, 9, 12 ಮತ್ತು 15ನೇ ತಿಂಗಳಲ್ಲೂ ಭೇಟಿ ಇದೆ. ಇಳಿಯುವ ದಾರಿಯ ಎಲ್ಲ ಮುಖ್ಯ ತಿರುವುಗಳಲ್ಲೂ ಅವಳು ಬಾಗಿಲಲ್ಲಿ ನಿಂತಿರುತ್ತಾಳೆ. ಮಗುವಿನ ತೂಕ ಬರೆದುಕೊಂಡ ಮೇಲೆ ತಾಯಿಗೆ ನಾಲ್ಕು ಪ್ರಶ್ನೆ ಕೇಳಲಿ. ಮಗು ಮಲಗಿದಾಗ ನಿನಗೆ ನಿದ್ದೆ ಬರುತ್ತದಾ? ಎದೆ ಬಡಿತವೋ ವಿಪರೀತ ಸುಸ್ತೋ ಇದೆಯಾ? ಮೊದಲು ಇಷ್ಟವಾಗುತ್ತಿದ್ದದ್ದು ಈಗಲೂ ಇಷ್ಟವಾಗುತ್ತದಾ? ಬಸಿರಿನಲ್ಲಿ ಸಕ್ಕರೆ ಇತ್ತಾ, ಆಮೇಲೆ ನೋಡಿಸಿದೆಯಾ? ಖಿನ್ನತೆ ಗುರುತಿಸುವ ಹತ್ತು ಪ್ರಶ್ನೆಗಳ ಎಡಿನ್‌ಬರೋ ಪಟ್ಟಿ 1987ರಿಂದಲೂ ಇದೆ, ಅದರ ಕನ್ನಡ ರೂಪವೂ ಇದೆ. ಉತ್ತರ ಅನುಮಾನ ತಂದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸಲಿ. ಹೌದು, ಆಶಾ ಕಾರ್ಯಕರ್ತೆಯರ ಮೇಲೆ ಈಗಲೇ ಕೆಲಸ ಜಾಸ್ತಿ. ಅವರಿಗೆ ಕೊಡುವ ಗೌರವಧನ ಅದಕ್ಕೆ ತಕ್ಕಂತೆ ಏರಬೇಕು ಎಂಬುದೂ ಇದರ ಭಾಗವೇ.

ತಂಗಿ ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮಾತ್ರೆ ನುಂಗಿದಳು. ಆರು ವಾರದಲ್ಲಿ ಮೈ ಹಗುರಾಯಿತು. ಮಗುವನ್ನು ಎತ್ತಿಕೊಂಡು ಫೋಟೊ ಕಳಿಸತೊಡಗಿದಳು. ವರ್ಷ ತುಂಬಿದ ಮೇಲೆ ವೈದ್ಯೆ ಡೋಸನ್ನು ಮೆಲ್ಲಗೆ ಇಳಿಸಿದರು, ಮತ್ತೆ ಟಿಎಸ್‌ಎಚ್ ನೋಡಿದರು, ಇನ್ನೊಮ್ಮೆ ಇಳಿಸಿದರು. ಹದಿನಾರನೇ ತಿಂಗಳಿಗೆ ಮಾತ್ರೆ ಪೂರ್ತಿ ನಿಂತಿತು. ಅಷ್ಟರಲ್ಲಿ ಮಗು ಅಂಗಳದಲ್ಲಿ ಕೋಳಿಗಳ ಹಿಂದೆ ಓಡುತ್ತಿತ್ತು.